ಉಲ್ಲಾಳದ ಅಂಗಡಿಗೆ ಒಂದು ವರ್ಷದ ಅಂದಾಜು

ಶ್ರೀಗಂಧದ ಕಾವಲ್, ಬೆಂಗಳೂರು
3 ಫೆಬ್ರವರಿ 2025

ದೊಡ್ಡಮ್ಮ,

ಫೋನಿನಲ್ಲಿ ಹೇಳಿದರೆ ನನ್ನ ಅರ್ಧ ಮಾತು ನಿಮಗೆ ಕೇಳಿಸುವುದಿಲ್ಲ, ಕೇಳಿಸದಿದ್ದರೂ ನೀವು ಹೂಂಗುಟ್ಟುತ್ತೀರಿ ಎಂದು ಲತಕ್ಕ ಹೇಳಿದಳು. ಇದು ಹಾಗೆ ಹೂಂ ಅನ್ನಿಸಿಕೊಳ್ಳುವ ವಿಷಯವಲ್ಲ. ಅದಕ್ಕೆ ಈ ಕಾಗದ. ಭೈರೇಶ್ ಪಕ್ಕದಲ್ಲಿ ಕೂತು ನಗುತ್ತಿದ್ದಾರೆ. "ಹೆಂಡ್ತಿ ಪೋಸ್ಟ್ ಕವರ್ ತಗೊಂಬಾ ಅಂತಾಳೆ, ಯಾವ ಕಾಲದಲ್ಲಿದೀವಿ ನಾವು" ಅಂತ.

ನೀವು ತೋರಣಗಲ್ಲಿಗೆ, ಮಗಳು ಲತಕ್ಕನ ಮನೆಗೆ ಹೋದಾಗಿನಿಂದ ಇಲ್ಲೇ ನಮ್ಮ ಪಕ್ಕದ ಉಲ್ಲಾಳದ ನಿಮ್ಮ ಬಳೆ ಅಂಗಡಿ ಬಾಗಿಲು ಹಾಕಿಕೊಂಡೇ ಇದೆ. ಅದನ್ನು ನನಗೆ ಬಾಡಿಗೆಗೆ ಕೊಡುತ್ತೀರಾ? ನಾನು ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ನಿಮಗೆ ಗೊತ್ತಿದೆ. ಸೆರಗಿನ ತುದಿಯ ಎಳೆಗಳಿಗೆ ರೇಷ್ಮೆ ದಾರ, ಮಣಿ ಸೇರಿಸಿ ಗಂಟು ಹಾಕುವುದು. ಇದುವರೆಗೆ ಮನೆಯಲ್ಲಿ ಕೂತು ಅಕ್ಕಪಕ್ಕದವರಿಗೆ ಮಾಡಿಕೊಡುತ್ತಿದ್ದೆ. ನಮ್ಮ ವಠಾರದ ಶಂಕ್ರವ್ವನ ಕೈ ನನಗಿಂತ ಚೆನ್ನ. ಅವಳೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ.

ಸುಮ್ಮನೆ ಆಸೆಯಿಂದ ಬರೆಯುತ್ತಿಲ್ಲ, ಅಂದಾಜು ಹಾಕಿದ್ದೇನೆ. ಉಲ್ಲಾಳ ಮತ್ತು ಸುತ್ತಲಿನ ಬಡಾವಣೆ ಸೇರಿ ಇಪ್ಪತ್ತು ಸಾವಿರ ಮನೆ ಅಂತಿಟ್ಟುಕೊಳ್ಳಿ. ಮನೆಗೆ ವರ್ಷಕ್ಕೆ ಮೂರು ಒಳ್ಳೆಯ ಸೀರೆ ಅಂದರೆ ಅರವತ್ತು ಸಾವಿರ ಸೀರೆ. ನೂರಕ್ಕೆ ಬರೀ ಐದು ನನ್ನ ಹತ್ತಿರ ಬಂದರೂ ತಿಂಗಳಿಗೆ ಇನ್ನೂರೈವತ್ತು. ನೂರಕ್ಕೆ ಐದು ಹೆಚ್ಚೇನಲ್ಲ, ಅಲ್ಲವಾ?

ಮುಂಗಡ ಈಗ ಕೊಡಲಾರೆ. ಬಾಡಿಗೆ ತಪ್ಪಿಸುವುದಿಲ್ಲ.

ನಿಮ್ಮ
ಕವನಾ

*

ತೋರಣಗಲ್ಲು
14 ಫೆಬ್ರವರಿ 2025

ಕವನಾ,

ಕಾಗದ ಬಂತು. ನನ್ನ ಹೆಸರಿಗೆ ಅಂಚೆಯವನು ಬಂದದ್ದು ನೋಡಿ ಈ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

ಇಪ್ಪತ್ತು ಸಾವಿರ ಮನೆಗಳನ್ನು ಯಾರು ಎಣಿಸಿದ್ದು? ಇರಲಿ, ಇವೆ ಅಂತಲೇ ಇಟ್ಟುಕೊಳ್ಳೋಣ. ಅಷ್ಟೂ ಮನೆಯವರು ನಾನು ಬಳೆ ಮಾರುವಾಗಲೂ ಇದ್ದರಲ್ಲ. ನನ್ನ ಹತ್ತಿರ ಬಂದವರು ಬಸ್ಸಿಳಿದು ಅಂಗಡಿ ದಾಟಿ ಮನೆಗೆ ನಡೆಯುವವರು ಮಾತ್ರ. ಆಚೆ ರಸ್ತೆಯವರು ಬಳೆಗಾಗಿ ಈಚೆ ರಸ್ತೆಗೆ ಬಂದದ್ದು ನನಗೆ ನೆನಪಿಲ್ಲ. ನೂರಕ್ಕೆ ಐದು ಅನ್ನುತ್ತೀಯ. ಆ ಐದರಲ್ಲಿ ಒಬ್ಬರ ಹೆಸರು ಹೇಳು ನೋಡೋಣ.

ಒಂದು ಕೆಲಸ ಮಾಡು. ತಿಂಗಳು ಶುರುವಾಗುವ ಮುಂಚೆ ಎಷ್ಟು ಸೀರೆ ಬರುತ್ತದೆ ಅಂತ ಬರೆದಿಡು. ಯಾಕೆ ಅಷ್ಟು ಅಂತಲೂ ಬರೆ. ತಿಂಗಳು ಮುಗಿದ ಮೇಲೆ ಎಷ್ಟು ಬಂತು ಅಂತ ನನಗೆ ತಿಳಿಸು. ತಪ್ಪಿದರೆ ಬೈಯುವುದಿಲ್ಲ. ಯಾಕೆ ತಪ್ಪಿತು ಅನ್ನುವುದು ಬೇಕು ನನಗೆ.

ಅಂಗಡಿಯನ್ನು ಒಂದು ಚಹಾ ಕಂಪನಿಯವರು ಕೇಳುತ್ತಿದ್ದಾರೆ. ಮುಂದೆ ಚರಂಡಿ ಅಗೆದಿದ್ದಾರಂತಲ್ಲ, ಅದು ಮುಗಿದು ಮಳೆಗಾಲ ಕಳೆಯುವವರೆಗೆ ಅವರಿಗೂ ಅವಸರವಿಲ್ಲ. ಅಲ್ಲಿಯವರೆಗೆ ನಿನಗೆ ಸಮಯವಿದೆ.

ಇನ್ನೊಂದು. ಹಲ್ಲಿನ ಕ್ಲಿನಿಕ್ಕಿನಲ್ಲಿ ನೆರಳಲ್ಲಿ ಕೂತು ಮಾಡುವ ಕೆಲಸ ನಿನ್ನದು. ಅದಿರುವಾಗ ಅಂಗಡಿ ಯಾಕೆ ಬೇಕಾಯಿತು? ಭೈರೇಶನ ಒತ್ತಾಯವಾ? ಗಂಡನ ಮಾತಿಗೆ ಅಂಗಡಿ ತೆರೆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಕ್ಕಯ್ಯಮ್ಮ

*

ಶ್ರೀಗಂಧದ ಕಾವಲ್
2 ಏಪ್ರಿಲ್ 2025

ದೊಡ್ಡಮ್ಮ,

ಮಾರ್ಚಿಗೆ ಅರವತ್ತು ಅಂತ ಬರೆದಿಟ್ಟಿದ್ದೆ. ಬಂದದ್ದು ಹತ್ತೊಂಬತ್ತು.

ಮೊದಲು ಸಿಟ್ಟು ಬಂತು. ಆಮೇಲೆ ಏನಿದು ಅಂತ ನೋಡಬೇಕು ಅನ್ನಿಸಿತು. ಮದುವೆಗಳು ಇವೆಯಲ್ಲ ಅಂತ ಅರವತ್ತು ಬರೆದಿದ್ದೆ. ಪಕ್ಕದ ಬೀದಿಯಲ್ಲಿ ಮಗಳ ಮದುವೆ ಮುಗಿಸಿದ ಆಂಟಿಯೊಬ್ಬರು ಇದ್ದಾರೆ. ಕುಚ್ಚು ಯಾಕೆ ಹಾಕಿಸಲಿಲ್ಲ ಅಂತ ಅವರನ್ನು ಕೇಳಿದೆ. "ಮದುವೆ ತಿಂಗಳಲ್ಲಿ ಯಾರಮ್ಮ ಕುಚ್ಚು ಹಾಕ್ಸ್ತಾರೆ? ಅದೆಲ್ಲ ಮುಂಚೇನೇ ಮುಗ್ದಿರುತ್ತೆ" ಅಂದರು. ಎಷ್ಟು ಸರಳ ಮಾತು. ಮದುವೆ ಮಾರ್ಚಿನಲ್ಲಿದ್ದರೆ ನನ್ನ ಕೆಲಸ ಜನವರಿ, ಫೆಬ್ರವರಿಯಲ್ಲೇ. ಇಷ್ಟು ವರ್ಷ ಕುಚ್ಚು ಕಟ್ಟಿಯೂ ನನಗದು ಹೊಳೆದಿರಲಿಲ್ಲ.

"ಎಲ್ಲಿ ಹಾಕ್ಸಿದ್ರಿ?" ಅಂದೆ. "ಬ್ಲೌಸ್ ಹೊಲಿಯೋಕೆ ಕೊಟ್ಟಿದ್ವಲ್ಲ, ಅವರೇ ಎಲ್ಲೋ ಕೊಟ್ಟು ಹಾಕ್ಸ್‌ಕೊಟ್ರು" ಅಂದರು.

ಇದನ್ನು ತಿಳಿಯಲೇಬೇಕು ಅಂತ ಉಲ್ಲಾಳಕ್ಕೆ ಹೋದೆ. ನಿಮ್ಮ ಅಂಗಡಿಯ ಸಾಲಿನಲ್ಲಿ ಟೈಲರ್ ತಮ್ಮಣ್ಣನವರು ಇದ್ದಾರಲ್ಲ, ಅವರ ಹತ್ತಿರ ಮಧ್ಯಾಹ್ನವೆಲ್ಲ ಕೂತಿದ್ದೆ. ಹೊಸ ಸೀರೆ ಅಂಗಡಿಯಿಂದ ಮನೆಗೆ, ಮನೆಯಿಂದ ನೇರವಾಗಿ ಅವರ ಮೇಜಿಗೆ ಬರುತ್ತದೆ. ಸೀರೆಯಲ್ಲಿರುವ ಬ್ಲೌಸ್ ಪೀಸ್ ಕತ್ತರಿಸಬೇಕು, ಫಾಲ್ಸ್ ಹಚ್ಚಬೇಕು. "ಕುಚ್ಚು ಬೇಕಾ ಅಂತ ಕೇಳಿದ್ರೆ ಹೂಂ ಅಂತಾರೆ ಕಣಮ್ಮ. ಕೇಳ್ದೆ ಇದ್ರೆ ಮರೀತಾರೆ" ಅಂದರು ತಮ್ಮಣ್ಣ. ನೀವು ಯಾಕೆ ಕೇಳಲ್ಲ ಅಂದರೆ, "ಕೇಳಿ ಏನ್ಮಾಡ್ಲಿ? ಹಾಕೋರು ಹೊತ್ತಿಗೆ ಸರಿಯಾಗಿ ಕೊಡಲ್ಲ. ಬೈಗುಳ ನನಗೆ."

ನೀವು ಹೆಸರು ಹೇಳು ಅಂದಿದ್ದಿರಿ. ತಮ್ಮಣ್ಣ. ನೂರಕ್ಕೆ ಐದರಲ್ಲಿ ಅವರು ಇಲ್ಲ, ಆದರೆ ಸೀರೆಗಳೆಲ್ಲ ಅವರ ಹತ್ತಿರವೇ ಇವೆ.

ಭೈರೇಶ್ ಒತ್ತಾಯ ಏನೂ ಇಲ್ಲ. ರಾಜಾಜಿನಗರದ ಕಾರ್ಖಾನೆಗೆ ಎಂದಿನಂತೆ ಹೋಗಿಬರುತ್ತಾರೆ. ಕ್ಲಿನಿಕ್ಕಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಏಪ್ರಿಲಿಗೆ ಇಪ್ಪತ್ತೈದು ಅಂತ ಬರೆದಿದ್ದೇನೆ.

ಕವನಾ

*

ತೋರಣಗಲ್ಲು
11 ಏಪ್ರಿಲ್ 2025

ಕವನಾ,

ಹತ್ತೊಂಬತ್ತು ಅನ್ನುವುದನ್ನು ನೀನು ಮೂವತ್ತು ಮಾಡಿ ಬರೆಯಲಿಲ್ಲವಲ್ಲ, ಅದು ನನಗೆ ಹಿಡಿಸಿತು.

ಬಳೆ ವ್ಯಾಪಾರದಲ್ಲಿ ನಾನೂ ಹೀಗೇ ಕಲಿತದ್ದು. ಹಸಿರು ಗಾಜಿನ ಬಳೆ ಒಮ್ಮೊಮ್ಮೆ ಡಜನ್ನುಗಟ್ಟಲೆ ಹೋಗುವುದು, ಒಮ್ಮೊಮ್ಮೆ ಧೂಳು ಹಿಡಿಯುವುದು. ಯಾಕೆ ಅಂತ ನೋಡಿದರೆ ಸೀಮಂತ. ಆಮೇಲೆ ಯಾರ ಸೊಸೆಗೆ ಐದು ತಿಂಗಳು, ಯಾರ ಮಗಳಿಗೆ ಏಳು ಅಂತ ಊರಿಗೆ ಮುಂಚೆ ನನಗೆ ಗೊತ್ತಿರುತ್ತಿತ್ತು. ಅಕ್ಕಯ್ಯಮ್ಮ ಊರ ಉಸಾಬರಿ ಮಾಡುತ್ತಾಳೆ ಅಂತ ಜನ ಆಡಿಕೊಂಡರು. ನಾನು ಎಷ್ಟು ಬಳೆ ತರಿಸಬೇಕು ಅಂತ ನೋಡುತ್ತಿದ್ದೆ ಅಷ್ಟೆ.

ಒಂದು ಮಾತನ್ನು ಮಾತ್ರ ಯಾಕೆ ಅಂತ ಕೇಳಬೇಡ, ಹಾಗೇ ಬರೆದುಕೋ. ಆಷಾಢಕ್ಕೆ ಸೊನ್ನೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸದೇನೂ ಯಾರೂ ತೊಡುವುದಿಲ್ಲ. ಆ ತಿಂಗಳು ನಾನು ಅಂಗಡಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ.

ಉಲ್ಲಾಳಕ್ಕೆ ಹೋಗಿದ್ದೆ ಅಂದೆಯಲ್ಲ. ಅಂಗಡಿಯ ಮೇಲಿನ ರೂಮು ನೋಡಿದೆಯಾ? ಮೆಟ್ಟಿಲಿನ ಕಂಬಿ ಗಟ್ಟಿಯಿದೆಯಾ? ನೀರು ದಿನಾ ಬರುತ್ತದಾ, ದಿನ ಬಿಟ್ಟು ದಿನವಾ? ಮುಂದಿನ ಕಾಗದದಲ್ಲಿ ತಿಳಿಸು.

ಅಕ್ಕಯ್ಯಮ್ಮ

*

ಶ್ರೀಗಂಧದ ಕಾವಲ್
6 ಮೇ 2025

ದೊಡ್ಡಮ್ಮ,

ಏಪ್ರಿಲಿಗೆ ಇಪ್ಪತ್ತೈದು ಅಂದಿದ್ದೆ, ನಲವತ್ತೊಂದು ಬಂತು. ಖುಷಿಪಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಅದರಲ್ಲಿ ಹದಿನಾಲ್ಕು ಒಂದೇ ಮನೆಯವು. ಬೀಗರಿಗೆಲ್ಲ ಕೊಡುವ ಸೀರೆ, ತಮ್ಮಣ್ಣನವರ ಮೂಲಕ ಒಟ್ಟಿಗೆ ಬಂತು. ಆ ಮನೆಯಲ್ಲಿ ಇನ್ನೊಂದು ಮದುವೆ ಇಲ್ಲ. ಹಾಗಾದರೆ ನನ್ನ ನಿಜವಾದ ಏಪ್ರಿಲ್ ನಲವತ್ತೊಂದಾ, ಇಪ್ಪತ್ತೇಳಾ? ನಾನು ಇಪ್ಪತ್ತೇಳು ಅಂತ ಇಟ್ಟುಕೊಂಡಿದ್ದೇನೆ. ಹದಿನಾಲ್ಕನ್ನು ಹಬ್ಬದೂಟ ಅಂದುಕೊಂಡೆ, ದಿನದೂಟದಲ್ಲಿ ಸೇರಿಸಲಿಲ್ಲ.

ರೂಮು ನೋಡಿದೆ. ಕಂಬಿ ಅಲ್ಲಾಡುತ್ತದೆ. ನೀರು ದಿನ ಬಿಟ್ಟು ದಿನ.

ನೀವು ತಪ್ಪು ತಿಳಿಯದಿದ್ದರೆ ಒಂದು ಕೇಳುತ್ತೇನೆ. ಮೆಟ್ಟಿಲು, ನೀರು ಅಂತ ವಿಚಾರಿಸುವುದು ಕೊಳ್ಳುವವರಿಗೆ ಹೇಳಲಿಕ್ಕಾ? ಕಟ್ಟಡ ಮಾರುವ ಯೋಚನೆ ಇದ್ದರೆ ನೇರವಾಗಿ ತಿಳಿಸಿ. ತಿಂಗಳು ತಿಂಗಳು ನನ್ನಿಂದ ಲೆಕ್ಕ ಬರೆಸಿಕೊಂಡು, ಕೊನೆಗೆ ಬೇರೆಯವರ ಪಾಲಾಯಿತು ಅಂದರೆ ನನಗೆ ಬೇಜಾರಾಗುತ್ತದೆ.

ಕವನಾ

*

ಶ್ರೀಗಂಧದ ಕಾವಲ್
28 ಜುಲೈ 2025

ದೊಡ್ಡಮ್ಮ,

ಮೇ ಕಾಗದಕ್ಕೆ ನಿಮ್ಮಿಂದ ಉತ್ತರವಿಲ್ಲ. ಲತಕ್ಕನಿಗೆ ಫೋನ್ ಮಾಡಿದೆ. "ಆರೋಗ್ಯವಾಗಿದಾರೆ. ಕೋಪದಲ್ಲಿದಾರೆ" ಅಂತಷ್ಟೇ ಹೇಳಿ ಇಟ್ಟುಬಿಟ್ಟಳು. ಮಾರುವ ಮಾತೆತ್ತಿ ನಾನೇ ಕೋಪ ಬರಿಸಿದೆ ಅಂತ ಗೊತ್ತಾಯಿತು. ನನ್ನ ನಾಲಿಗೆ ಉದ್ದ. ಕ್ಷಮಿಸಿ.

ನೀವು ಕೇಳಿದ್ದ ಪ್ರಶ್ನೆಗೆ ನಾನೂ ಉತ್ತರ ಕೊಟ್ಟಿರಲಿಲ್ಲ. ನಿಮಗೆ ಮೊದಲ ಕಾಗದ ಬರೆಯುವ ಮುಂಚೆಯೇ ಕ್ಲಿನಿಕ್ ಬಿಟ್ಟಿದ್ದೆ. ಡಾಕ್ಟರು ಕೆಟ್ಟವರಲ್ಲ. ಎಲ್ಲರ ಹಲ್ಲುನೋವಿಗೂ ನಗುನಗುತ್ತಾ ಟೋಕನ್ ಕೊಟ್ಟು ಕೊಟ್ಟು ನನಗೆ ಸಾಕಾಗಿತ್ತು. ಭೈರೇಶ್‌ಗೆ ಹೇಳಿದಾಗ, "ಬಿಟ್ಟಿದ್ದೀಯಾ ಅಂದ್ರೆ ಬಿಟ್ಟಿದ್ದೀಯ. ಮುಂದೇನು ಅಂತ ನೋಡು" ಅಂದರು ಅಷ್ಟೆ. ಕ್ಲಿನಿಕ್ಕಿನ ಸಂಬಳ, ಅಂಗಡಿ ಬಾಡಿಗೆ, ಶಂಕ್ರವ್ವನ ಕೂಲಿ, ದಾರ ಮಣಿಯ ಖರ್ಚು ಎಲ್ಲ ಹುಟ್ಟಬೇಕಾದರೆ ಎಷ್ಟು ಸೀರೆ ಬೇಕು ಅಂತ ಭಾಗಿಸಿದೆ. ಇನ್ನೂರೈವತ್ತು ಬಂತು. ಇಪ್ಪತ್ತು ಸಾವಿರ ಮನೆ, ನೂರಕ್ಕೆ ಐದು, ಅವೆಲ್ಲ ಆಮೇಲೆ ಹುಟ್ಟಿದ್ದು. ನನಗೆ ಬೇಕಾದದ್ದನ್ನೇ ಬರುವುದು ಅಂತ ಬರೆದಿದ್ದೆ ದೊಡ್ಡಮ್ಮ.

ಈಗ ಆಷಾಢದ ಸುದ್ದಿ. ನೀವು ಹೇಳಿದಂತೆ ಸೊನ್ನೆ ಬರೆದಿದ್ದೆ. ಅರವತ್ಮೂರು ಬಂತು. ಅದರ ಮೇಲೆ ಬಂದ ಕೆಲವನ್ನು ನಾವೇ ವಾಪಸ್ ಕಳಿಸಿದೆವು.

ಯಾಕೆ ಅಂತ ಊಹಿಸಿ. ನನಗೂ ಮೊದಲ ವಾರ ತಿಳಿಯಲಿಲ್ಲ. ಒಬ್ಬ ಹುಡುಗಿ ಮೂರು ಸೀರೆ ಹಿಡಿದು ತಮ್ಮಣ್ಣನವರ ಹತ್ತಿರ ಬಂದಿದ್ದಳು. "ಆಷಾಢದಲ್ಲಿ ಹೊಸ ಸೀರೇನಾ?" ಅಂತ ಕೇಳಿದೆ. "ಆಷಾಢ ಸೇಲ್ ಅಲ್ವಾ ಅಕ್ಕ. ಈಗ ತಗೊಂಡ್ರೆ ಕಮ್ಮಿ. ವರಮಹಾಲಕ್ಷ್ಮಿಗೆ ಉಡ್ತೀವಿ" ಅಂದಳು. ಸೀರೆ ಉಡುವ ತಿಂಗಳೇ ಬೇರೆ, ಕೊಳ್ಳುವ ತಿಂಗಳೇ ಬೇರೆ. ನನಗೆ ಬೇಕಾದದ್ದು ಎರಡರ ನಡುವಿನ ತಿಂಗಳು. ಬಳೆಗೆ ಅಂಥ ನಡುವೆ ಇಲ್ಲ, ಕೊಂಡ ತಕ್ಷಣ ಕೈಗೆ ಏರುತ್ತದೆ. ನಿಮ್ಮ ಸೊನ್ನೆ ಬಳೆಗೆ ಸರಿ, ಕುಚ್ಚಿಗಲ್ಲ.

ಇನ್ನೂ ಒಂದು ತಿಳಿಯಿತು. ವಾಪಸ್ ಕಳಿಸುವಾಗ ನನಗೆ ಹೊಟ್ಟೆ ಉರಿದು, ಇನ್ನೊಂದೆರಡು ಹಿಡಿಯೋಣ ಅಂತ ಶಂಕ್ರವ್ವನಿಗೆ ಹೇಳಿದೆ. ಅವಳು ದಾರ ಬಾಯಲ್ಲಿ ಕಚ್ಚಿಕೊಂಡೇ, "ಕೈ ಎರಡ ಅದಾವ್ರಿ ಅಕ್ಕಾರ. ಗಂಟ ಸಡ್ಲ ಆದ್ರ ನಾಳೆ ಯಾರ್ ಬರ್ತಾರ?" ಅಂದಳು. ಎಷ್ಟು ಜನ ಬರುತ್ತಾರೆ ಅಂತ ಮಾತ್ರ ಇಷ್ಟು ದಿನ ಯೋಚಿಸಿದ್ದೆ. ನಾವು ಎಷ್ಟು ಕಟ್ಟಬಲ್ಲೆವು ಅಂತ ಕೇಳಿಕೊಂಡೇ ಇರಲಿಲ್ಲ.

ಕೋಪ ಇಳಿದಿದ್ದರೆ ಎರಡು ಸಾಲು ಬರೆಯಿರಿ.

ಕವನಾ

*

ತೋರಣಗಲ್ಲು
6 ಆಗಸ್ಟ್ 2025

ಕವನಾ,

ಕೋಪ ನಿನ್ನ ಮೇಲಲ್ಲ ಕಣೇ. ಯಾರ ಮೇಲೆ, ಯಾಕೆ ಅಂತ ಈಗ ಬರೆಯಲಾರೆ. ಕಟ್ಟಡ ಮಾರುತ್ತಿಲ್ಲ, ಅಷ್ಟು ತಿಳಿದುಕೋ.

ಆಷಾಢದ ಸುದ್ದಿ ಓದಿ ಒಬ್ಬಳೇ ನಕ್ಕೆ. ಅರವತ್ಮೂರು. ನನ್ನ ಮಾತು ಕೇಳಿ ಯಾರಾದರೂ ಆ ತಿಂಗಳು ಬಾಗಿಲು ಹಾಕಿಕೊಂಡು ಊರಿಗೆ ಹೋಗಿದ್ದರೆ ಏನು ಗತಿ. ನೀನು ಸೊನ್ನೆ ಬರೆದೂ ಬಾಗಿಲು ತೆರೆದಿಟ್ಟೆಯಲ್ಲ.

ಕ್ಲಿನಿಕ್ ಬಿಟ್ಟದ್ದಕ್ಕೆ ಬೈಸಿಕೊಳ್ಳುವ ವಯಸ್ಸು ನಿನ್ನದಲ್ಲ, ಬೈಯುವ ವಯಸ್ಸು ನನ್ನದಲ್ಲ. ಭೈರೇಶನ ಮೇಲೆ ಸುಮ್ಮನೆ ಅನುಮಾನಪಟ್ಟೆ, ಅವನಿಗೆ ಹೇಳು.

ಈಗ ಕೊನೆಯ ಕೆಲಸ. ಬರುವ ಒಂದು ವರ್ಷಕ್ಕೆ, ತಿಂಗಳು ತಿಂಗಳಾಗಿ ಬರೆ. ಕೆಟ್ಟರೆ ಎಷ್ಟು, ಸಾಧಾರಣವಾದರೆ ಎಷ್ಟು, ಚೆನ್ನಾದರೆ ಎಷ್ಟು. ಬಾಡಿಗೆಯನ್ನು ಚಹಾದವರು ಕೊಡುತ್ತೇನೆ ಅಂದಷ್ಟೇ ಹಾಕು, ಇಪ್ಪತ್ತೆರಡು ಸಾವಿರ. ದೊಡ್ಡಮ್ಮ ಅಂತ ಒಂದು ರೂಪಾಯಿ ಇಳಿಸಬೇಡ. ನನಗೆ ಇದು ದಸರೆಯ ಹೊತ್ತಿಗೆ ಬೇಕು. ಯಾಕೆ ಇಷ್ಟು ಹಟ ಅಂತ ಕೇಳಬೇಡ.

ಅಕ್ಕಯ್ಯಮ್ಮ

*

ಶ್ರೀಗಂಧದ ಕಾವಲ್
24 ಸೆಪ್ಟೆಂಬರ್ 2025

ದೊಡ್ಡಮ್ಮ,

ವರ್ಷದ ಹಾಳೆ ಇದರ ಜೊತೆ ಇಟ್ಟಿದ್ದೇನೆ. ಬರೆಯಲು ಇಷ್ಟು ದಿನ ಹಿಡಿಯಿತು, ಯಾಕೆಂದರೆ ಮೂರು ಸಲ ಹರಿದುಹಾಕಿದೆ. ಮೊದಲನೆಯದರಲ್ಲಿ 'ಸಾಧಾರಣ' ಅಂತ ಬರೆದದ್ದೆಲ್ಲ ನಿಜವಾಗಿ 'ಚೆನ್ನಾದರೆ' ಆಗಿತ್ತು. ಎರಡನೆಯದನ್ನು ಪಿತೃಪಕ್ಷದಲ್ಲಿ ಬರೆದೆ. ಕೈಯಲ್ಲಿ ಒಂದೂ ಸೀರೆ ಇರಲಿಲ್ಲ, ಹಾಗಾಗಿ ವರ್ಷವೆಲ್ಲ ಪಿತೃಪಕ್ಷವೇ ಅನ್ನುವಂತೆ ಬರೆದುಬಿಟ್ಟಿದ್ದೆ. ಮೂರನೆಯದನ್ನು ಭೈರೇಶ್ ಓದಿ, "ಇದ್ರಲ್ಲಿ ನಿಂಗೆ ಜ್ವರಾನೇ ಬರಲ್ವಾ?" ಅಂದರು. ನಾಲ್ಕನೆಯದು ನಿಮ್ಮ ಕೈಯಲ್ಲಿದೆ.

ಆಷಾಢ, ಶ್ರಾವಣ ಒಳ್ಳೆಯದು. ಮದುವೆಗೆ ಮುಂಚಿನ ತಿಂಗಳುಗಳು ಪರವಾಗಿಲ್ಲ. ಪಿತೃಪಕ್ಷ, ಧನುರ್ಮಾಸ, ಮಕ್ಕಳ ಪರೀಕ್ಷೆಯ ಕಾಲ ಬಡವು. ಎಷ್ಟೇ ಚೆನ್ನಾದರೂ ನಾವಿಬ್ಬರು ತಿಂಗಳಿಗೆ ಅರವತ್ತೈದಕ್ಕಿಂತ ಹೆಚ್ಚು ಕಟ್ಟಲಾರೆವು. ಮೂರನೆಯವರನ್ನು ಕಲಿಸಿದರೆ ಮುಂದಿನ ವರ್ಷದ ಮಾತು.

ಈಗ ಬಾಡಿಗೆ. ಚೆನ್ನಾದ ತಿಂಗಳಲ್ಲಿ ಬಾಡಿಗೆಗೇ ಸರಿಹೋಗುತ್ತದೆ, ಶಂಕ್ರವ್ವನ ಕೂಲಿ ಭೈರೇಶ್ ಸಂಬಳದಿಂದ ಕೊಡಬೇಕು. ಸಾಧಾರಣ ತಿಂಗಳಲ್ಲಿ ಬಾಡಿಗೆಯೂ ಪೂರ್ತಿ ಹುಟ್ಟುವುದಿಲ್ಲ. ಕೆಟ್ಟ ತಿಂಗಳ ಮಾತೇ ಬೇಡ.

ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿತ್ತು. ಅಂಗಡಿ ಇದ್ದರೆ ಎಷ್ಟು ಸೀರೆ ಹೆಚ್ಚು ಬರುತ್ತದೆ? ಪ್ರಾಮಾಣಿಕವಾಗಿ ಬರೆಯುತ್ತೇನೆ, ಹೆಚ್ಚಿಗೆ ಬರುವುದು ನಾಲ್ಕೈದು. ಸೀರೆ ತಮ್ಮಣ್ಣನವರ ಮೇಜಿಗೆ ಬರುತ್ತದೆ, ಅಲ್ಲಿಂದ ನನಗೆ. ಈಗ ಅನ್ನಪೂರ್ಣೇಶ್ವರಿ ನಗರದ ಇನ್ನಿಬ್ಬರು ಟೈಲರ್‌ಗಳೂ ಕೊಡುತ್ತಿದ್ದಾರೆ. ಹೇಳಿದ ದಿನಕ್ಕೆ ಕೊಡುತ್ತೇನೆ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಬೋರ್ಡು ಇಲ್ಲ. ಕಟ್ಟುವ ಕೆಲಸ ಮನೆಯ ವರಾಂಡದಲ್ಲೂ ಆಗುತ್ತದೆ.

ನನಗೆ ಅಂಗಡಿ ಬೇಕಿತ್ತು ದೊಡ್ಡಮ್ಮ. ಬೋರ್ಡಿಗೆ ಬಣ್ಣ ಕೂಡ ಯೋಚಿಸಿದ್ದೆ. ಆದರೆ ಈ ಹಾಳೆ ಬೇಡ ಅನ್ನುತ್ತಿದೆ, ಹಾಳೆ ಬರೆದವಳು ನಾನೇ. ಚಹಾದವರಿಗೆ ಕೊಡಿ.

ಕವನಾ

*

ತೋರಣಗಲ್ಲು
5 ಅಕ್ಟೋಬರ್ 2025

ಕವನಾ,

ನಿನ್ನ ಹಾಳೆಯನ್ನು ಲತಾಳ ಮುಂದಿಟ್ಟೆ. ಅವಳು ಶಾಲೆಯಲ್ಲಿ ಲೆಕ್ಕ ಬರೆಯುವವಳಲ್ಲವಾ, ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದಳು. ಓದಿ, "ಇದು ಸರಿಯಾಗಿದೆ ಅಮ್ಮ" ಅಂದಳು. ಮೇ ತಿಂಗಳಿಂದ ನಾವಿಬ್ಬರೂ ನೆಟ್ಟಗೆ ಮಾತಾಡಿದ್ದು ಅವತ್ತೇ.

ಈಗ ಬರೆಯಬಹುದು. ನಾನು ಉಲ್ಲಾಳಕ್ಕೆ ಬಂದು ಆ ಮೇಲಿನ ರೂಮಿನಲ್ಲಿ ಇರಬೇಕು ಅಂತ ಹೊರಟು ವರ್ಷವಾಗುತ್ತಾ ಬಂತು. ಇಲ್ಲಿ ನನ್ನನ್ನು ಯಾರೂ ಕಡೆಗಣಿಸಿಲ್ಲ. ಲತಾ ಹೂವಿನ ಹಾಗೆ ನೋಡಿಕೊಳ್ಳುತ್ತಾಳೆ. ಆದರೆ ನಾನು ಹೂವಲ್ಲ. ನನಗೆ ಬೆಳಿಗ್ಗೆ ಎದ್ದರೆ ರಸ್ತೆ ಕಾಣಬೇಕು, ಯಾರು ಎಲ್ಲಿಗೆ ಹೊರಟರು ಅಂತ ತಿಳಿಯಬೇಕು. ಲತಾಗೆ ಹೇಳಿದರೆ, "ಏನ್ ನಂಬ್ಕೊಂಡು ಹೋಗ್ತೀಯಮ್ಮ? ತಿಂಗಳಿಗೆ ಎಷ್ಟು ಬರುತ್ತೆ, ಎಷ್ಟು ಬೇಕು, ಬರ್ದು ತೋರ್ಸು" ಅಂದಳು. ಆ ವಾರವೇ ನಿನ್ನ ಮೊದಲ ಕಾಗದ ಬಂದದ್ದು, ಮೇನಲ್ಲಿ ನಮಗೆ ಮತ್ತೆ ಜಗಳವಾದದ್ದೂ ಇದೇ ಮಾತಿಗೆ. ಅಂಗಡಿ ನಿನಗೆ ಕೊಟ್ಟರೆ ತಿಂಗಳ ಬಾಡಿಗೆ ಹುಟ್ಟುತ್ತದಾ ಅನ್ನುವುದು ನನಗೆ ಬರೆಯಲಾಗದ್ದು, ಅದನ್ನು ನಿನ್ನಿಂದ ಬರೆಸಿದೆ.

ಅಂಗಡಿಯ ಬಾಡಿಗೆ ಬಿಟ್ಟರೆ ನನಗೆ ಬೇರೆ ಹುಟ್ಟುವಳಿಯಿಲ್ಲ. ಮೊದಲೇ ಹೇಳಿದ್ದರೆ ನೀನು ಅಂಗಡಿಯ ಮಾತನ್ನೇ ಬಿಟ್ಟುಬಿಡುತ್ತಿದ್ದೆ. ಇಲ್ಲವೇ ನನ್ನ ಸಲುವಾಗಿ ಅಂಕಿ ಏರಿಸುತ್ತಿದ್ದೆ. ನೀನು ಕೊನೆಗೂ ನಿನಗೇ ಅಂಗಡಿ ಬೇಕು ಅಂದಿದ್ದರೆ ಕೊಟ್ಟುಬಿಡುತ್ತಿದ್ದೆ, ನೀನು ಕೊಟ್ಟಷ್ಟಕ್ಕೆ. ಕೊಟ್ಟು ಇಲ್ಲೇ ಉಳಿಯುತ್ತಿದ್ದೆ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಚಹಾದವರು ದೀಪಾವಳಿ ಕಳೆದ ಮೇಲೆ ಬರುತ್ತಾರೆ. ನಾನು ಅದಕ್ಕಿಂತ ಒಂದು ವಾರ ಮುಂಚೆ. ಕಂಬಿ ಗಟ್ಟಿ ಮಾಡಿಸಿಕೊಡಬೇಕು ಅಂತ ಅವರ ಕರಾರಿನಲ್ಲೇ ಬರೆಸಿದ್ದೇನೆ.

ನನ್ನ ತಿಂಗಳ ಖರ್ಚಿನ ಅಂದಾಜನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಅಕ್ಕಿ, ರಾಗಿ, ಹಾಲು, ಗ್ಯಾಸು, ಕರೆಂಟು, ರಕ್ತದೊತ್ತಡದ ಮಾತ್ರೆ, ಕಾಲು ಕೆಜಿ ಕಾಫಿಪುಡಿ. ಬಸ್ಸಿಗೆ ಸೊನ್ನೆ, ಹೆಂಗಸರಿಗೆ ಪುಕ್ಕಟೆಯಲ್ಲವಾ. ಲತಾಗೆ ತೋರಿಸುವ ಮುಂಚೆ ನೀನು ನೋಡು. ನಾನು ಎಲ್ಲಿ ನನಗೇ ಸುಳ್ಳು ಹೇಳಿಕೊಂಡಿದ್ದೇನೆ, ತಿದ್ದಿ ಕಳಿಸು.

ಅಕ್ಕಯ್ಯಮ್ಮ

*

ಶ್ರೀಗಂಧದ ಕಾವಲ್
13 ಅಕ್ಟೋಬರ್ 2025

ದೊಡ್ಡಮ್ಮ,

ನೀವು ಮೆಟ್ಟಿಲು, ನೀರು ಅಂತ ಕೇಳಿದಾಗ ನಾನು ಬರೆದ ಉತ್ತರವನ್ನು ನೆನೆದು ನಾಚಿಕೆಯಾಯಿತು. ಬನ್ನಿ. ರೂಮಿಗೆ ಸುಣ್ಣ ಹೊಡೆಸುವುದು ಭೈರೇಶ್ ವಹಿಸಿಕೊಂಡಿದ್ದಾರೆ.

ನಿಮ್ಮ ಅಂದಾಜನ್ನು ನಾವಿಬ್ಬರೂ ಕೂತು ನೋಡಿದೆವು. ಅಕ್ಕಿ ಸರಿ, ರಾಗಿ ಸರಿ. ಮಾತ್ರೆಗೆ ಸ್ವಲ್ಪ ಏರಿಸಿದ್ದೇನೆ. ಬಸ್ಸಿನ ಸೊನ್ನೆಯನ್ನೂ ಒಪ್ಪಿದೆ. ಸುಳ್ಳು ಇರುವುದು ಒಂದೇ ಕಡೆ. ಕಾಲು ಕೆಜಿ ಕಾಫಿಪುಡಿ ಒಬ್ಬರಿಗೆ ಸಾಕು. ತಮ್ಮಣ್ಣನವರ ಹತ್ತಿರ ಸೀರೆ ತೆಗೆದುಕೊಳ್ಳಲು ನಾನು ವಾರಕ್ಕೆರಡು ಸಲ ನಿಮ್ಮ ಮೆಟ್ಟಿಲ ಮುಂದೆಯೇ ಹಾದುಹೋಗುತ್ತೇನೆ. ಒಮ್ಮೊಮ್ಮೆ ಶಂಕ್ರವ್ವನೂ ಇರುತ್ತಾಳೆ. ಹಬ್ಬ ಹತ್ತಿರವಾದರೆ ದಿನಾ ಬರುತ್ತೇವೆ.

ಮುಕ್ಕಾಲು ಕೆಜಿ ಅಂತ ತಿದ್ದಿದ್ದೇನೆ. ಅದೂ ಕೆಟ್ಟ ತಿಂಗಳಿಗೆ.

ಕವನಾ